ಲಿನಕ್ಸ್ ಹಾಕುವಾಗ ಕೈಕೊಟ್ಟರೆ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಕಂಪ್ಯೂಟರಿಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕುವಾಗ ಏನಾದರೂ ಕೈಕೊಟ್ಟರೆ ತುಂಬಾ ಜನ ಮೊದಲು ಮಾಡುವ ಕೆಲಸ ಒಂದೇ, ಮತ್ತೆ ಮೊದಲಿನಿಂದ ಇನ್‌ಸ್ಟಾಲ್ ಮಾಡುವುದು. ಸಮಯ ಹೋಗುತ್ತದೆ, ಅದೇ ತೊಂದರೆ ಅದೇ ಜಾಗದಲ್ಲಿ ಮತ್ತೆ ಎದುರಾಗುತ್ತದೆ. ಡಿಸ್ಕಿನಲ್ಲಿ ಕೂತ ಫೈಲುಗಳೇ ಕೆಟ್ಟಿರುವುದು ಅಪರೂಪ. ಬಯೋಸ್ ಸೆಟ್ಟಿಂಗ್, ಗ್ರಾಫಿಕ್ಸ್ ಡ್ರೈವರ್ (ಪರದೆಯ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್), ಲಿನಕ್ಸ್ ಹಾಕಲು ಸರಿಯಾಗಿ ಬರೆಯದ ಪೆನ್ ಡ್ರೈವ್, ಇವೇ ಜಾಸ್ತಿ.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಎಲ್ಲಿ ನಿಂತಿತು? ಬಟನ್ ಒತ್ತಿದ ಮೇಲೆ ಕಂಪ್ಯೂಟರ್ ಮೆಟ್ಟಿಲು ಮೆಟ್ಟಿಲಾಗಿ ಏಳುತ್ತದೆ. ಮೊದಲು ಮದರ್‌ಬೋರ್ಡಿನ ಫರ್ಮ್‌ವೇರ್, ಅಂದರೆ ಬಯೋಸ್ ಅಥವಾ ಅದರ ಹೊಸ ರೂಪವಾದ ಯುಇಎಫ್‌ಐ. ಅದು ಗ್ರಬ್ ಎಂಬ ಬೂಟ್‌ಲೋಡರನ್ನು ಹುಡುಕಿ ಚಾಲೂ ಮಾಡುತ್ತದೆ. ಗ್ರಬ್ ಲಿನಕ್ಸ್‌ನ ತಿರುಳಾದ ಕರ್ನಲ್ಲನ್ನು ಮೆಮೊರಿಗೆ ತರುತ್ತದೆ. ಕರ್ನಲ್ ಡಿಸ್ಕು, ಪರದೆ, ವೈಫೈ ಎಲ್ಲವನ್ನೂ ಗುರುತಿಸುತ್ತದೆ. ಆಮೇಲೆ ಲಾಗಿನ್, ಕೊನೆಗೆ ಡೆಸ್ಕ್‌ಟಾಪ್. ಯಾವ ಮೆಟ್ಟಿಲಲ್ಲಿ ನಿಂತಿತು ಎಂದು ಗೊತ್ತಾದರೆ ಹುಡುಕುವ ಜಾಗ ಐದರಲ್ಲಿ ಒಂದಕ್ಕೆ ಇಳಿಯುತ್ತದೆ.

ಉಬುಂಟು, ಲಿನಕ್ಸ್ ಮಿಂಟ್, ಡೆಬಿಯನ್, ಫೆಡೋರಾ, ಹೀಗೆ ಲಿನಕ್ಸ್‌ನ ಯಾವ ಡಿಸ್ಟ್ರೋ (ಸಿದ್ಧ ರೂಪ) ಆದರೂ ಈ ಮಾತು ನಿಜ. ಬಟನ್‌ಗಳ ಹೆಸರು ಅಲ್ಲಲ್ಲಿ ಬೇರೆ ಇರಬಹುದು. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಚಿಕ್ಕ ಅಕ್ಷರ ಬಳಸಿ.

ಕೈ ಹಾಕುವ ಮುಂಚೆ

ಡಿಸ್ಕಿನಲ್ಲಿ ಬೇಕಾದ ಫೋಟೊ, ದಾಖಲೆ ಇದ್ದರೆ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಅದೇ ಡಿಸ್ಕಿನ ಇನ್ನೊಂದು ಪಾರ್ಟಿಷನ್‌ನಲ್ಲಿ (ಡಿಸ್ಕನ್ನು ಭಾಗ ಮಾಡಿದ ಒಂದು ತುಂಡಿನಲ್ಲಿ) ಇಟ್ಟರೆ ಅದು ಬ್ಯಾಕಪ್ ಅಲ್ಲ. ಪಾರ್ಟಿಷನ್ ಪಟ್ಟಿಯೇ ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ.

ಕಂಪ್ಯೂಟರಿನಲ್ಲಿ ವಿಂಡೋಸ್ ಉಳಿಸಿಕೊಳ್ಳುವವರು ಇನ್ನೊಂದು ಕೆಲಸ ಮಾಡಲೇಬೇಕು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯಾ ನೋಡಿ. ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ (ಸಹಿ ಇರುವ ಬೂಟ್‌ಲೋಡರನ್ನು ಮಾತ್ರ ಬಿಡುವ ಕಾವಲು) ಅಥವಾ ಡಿಸ್ಕಿನ ಮೋಡ್ ಬದಲಾಯಿಸಿದ ಮೇಲೆ ವಿಂಡೋಸ್ ಆ ಕೀ ಕೇಳಬಹುದು. ಆಗ ಕೀ ಇಲ್ಲದಿದ್ದರೆ ಡೇಟಾ ಹೋದ ಹಾಗೆಯೇ, ಯಾರಿಂದಲೂ ತೆಗೆಯಲು ಆಗುವುದಿಲ್ಲ. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೆ ಗೊತ್ತಿಲ್ಲದೆಯೇ ಇದು ಆನ್ ಆಗಿರುತ್ತದೆ.

ಜೊತೆಗೆ ಎರಡು ಅಭ್ಯಾಸ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಬರೆದಿಡಿ. ಮೂರು ಸೆಟ್ಟಿಂಗ್ ಒಟ್ಟಿಗೆ ಬದಲಾಯಿಸಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ಪರದೆಯ ಮೇಲೆ ತಪ್ಪು ಸಂದೇಶ ಬಂದರೆ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಆಮೇಲೆ ನೆನಪಿನಿಂದ ಹೇಳಿದ ಸಂದೇಶ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಪೆನ್ ಡ್ರೈವ್ ಹಾಕಿದರೂ ನೇರವಾಗಿ ವಿಂಡೋಸ್ ತೆರೆಯುತ್ತದೆ

ಇದು ಮೊದಲ ಮೆಟ್ಟಿಲಿನ ತೊಂದರೆ. ಫರ್ಮ್‌ವೇರ್‌ಗೆ ಪೆನ್ ಡ್ರೈವ್ ಕಂಡಿಲ್ಲ, ಇಲ್ಲವೇ ಅದನ್ನು ಕೇಳಿಯೇ ಇಲ್ಲ.

ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀ ಒತ್ತಿ. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಏಸರ್‌ನಲ್ಲಿಯೂ ಎಫ್12, ಆದರೆ ಕೆಲವು ಮಾಡೆಲ್‌ಗಳಲ್ಲಿ ಮೊದಲು ಬಯೋಸ್ ಒಳಗೆ ಹೋಗಿ ಅದನ್ನು ಆನ್ ಮಾಡಬೇಕು. ಕೀ ಒತ್ತಿದರೂ ಏನೂ ಆಗದಿದ್ದರೆ ವಿಂಡೋಸ್‌ನಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ಬರುವ ನೀಲಿ ಪರದೆಯಲ್ಲಿ ಬೇರೆ ಡಿವೈಸ್ ಬಳಸುವ ಆಯ್ಕೆ ಇರುತ್ತದೆ.

ಬೂಟ್ ಮೆನು ಬಂದರೂ ಪೆನ್ ಡ್ರೈವ್ ಪಟ್ಟಿಯಲ್ಲಿ ಇಲ್ಲವೇ? ಮೊದಲು ಬೇರೆ ಯುಎಸ್‌ಬಿ ಪೋರ್ಟಿಗೆ ಹಾಕಿ. ಹಬ್ ಮೂಲಕ ಬೇಡ, ನೇರವಾಗಿ ಹಾಕಿ. ಆಮೇಲೆ ಪೆನ್ ಡ್ರೈವ್ ಹೇಗೆ ತಯಾರಾಯಿತು ಎಂದು ನೋಡಿ. ಡೌನ್‌ಲೋಡ್ ಮಾಡಿದ ಐಎಸ್‌ಒ ಫೈಲನ್ನು (ಇಡೀ ಇನ್‌ಸ್ಟಾಲರ್ ಇರುವ ಒಂದೇ ಫೈಲು) ಸುಮ್ನೆ ಕಾಪಿ ಪೇಸ್ಟ್ ಮಾಡಿದ್ದರೆ ಅದು ಬೂಟ್ ಆಗುವುದಿಲ್ಲ. ರೂಫಸ್, ಬಲೆನಾ ಎಚರ್ ಅಥವಾ ಫೆಡೋರಾ ಮೀಡಿಯಾ ರೈಟರ್ ತರಹದ ಟೂಲ್‌ನಿಂದ ಬರೆಯಬೇಕು. ಬರೆಯುವಾಗ ಪೆನ್ ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ. ಅದಕ್ಕೇ ಟೂಲ್‌ನಲ್ಲಿ ಡ್ರೈವಿನ ಹೆಸರು ಮತ್ತು ಸೈಜ್ ಎರಡನ್ನೂ ಓದಿ ಒತ್ತಿ. ಪಕ್ಕದಲ್ಲೇ ಸಿಕ್ಕಿಸಿಟ್ಟ ಬ್ಯಾಕಪ್ ಡಿಸ್ಕನ್ನೇ ಅಳಿಸಿಕೊಂಡವರು ತುಂಬಾ ಜನ ಇದ್ದಾರೆ.

ತೀರಾ ಹಳೆಯ ಯಂತ್ರದಲ್ಲಿ ಇನ್ನೊಂದು ಸಂಗತಿ. ಪ್ರೊಸೆಸರ್ 32 ಬಿಟ್‌ದಾಗಿದ್ದರೆ ಇಂದಿನ ಹೆಚ್ಚಿನ ಡಿಸ್ಟ್ರೋಗಳು ಅದರಲ್ಲಿ ಏಳುವುದೇ ಇಲ್ಲ. ಉಬುಂಟು 2017ರ 17.10 ಆವೃತ್ತಿಯಿಂದಲೇ 32 ಬಿಟ್ ಡೆಸ್ಕ್‌ಟಾಪ್ ಐಎಸ್‌ಒ ಕೊಡುವುದನ್ನು ನಿಲ್ಲಿಸಿತು. 2025ರಲ್ಲಿ ಬಂದ ಡೆಬಿಯನ್ 13ಕ್ಕೂ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ.

ಪೆನ್ ಡ್ರೈವ್ ಶುರುವಾಗುತ್ತದೆ, ನಡುವೆ ತಪ್ಪು ತೋರಿಸಿ ನಿಲ್ಲುತ್ತದೆ

"ಸ್ಕ್ವಾಶ್ ಎಫ್‌ಎಸ್ ಎರರ್", "ಐಒ ಎರರ್" ಎಂಬ ಸಾಲುಗಳು ಓಡುತ್ತಿದ್ದರೆ ಪೆನ್ ಡ್ರೈವಿನಲ್ಲಿರುವುದು ಓದಲು ಬರುತ್ತಿಲ್ಲ ಎಂದರ್ಥ. ಡೌನ್‌ಲೋಡ್ ಅರ್ಧಕ್ಕೆ ನಿಂತಿರಬಹುದು, ಬರೆಯುವಾಗ ಕೆಟ್ಟಿರಬಹುದು, ಪೆನ್ ಡ್ರೈವೇ ಹಳಸಿರಬಹುದು. ಡೌನ್‌ಲೋಡ್ ಪುಟದಲ್ಲಿ ಶಾ256 ಚೆಕ್‌ಸಮ್, ಅಂದರೆ ಫೈಲಿನ ಬೆರಳಚ್ಚಿನಂಥ ಅಕ್ಷರಗಳ ಸಾಲು, ಕೊಟ್ಟಿರುತ್ತಾರೆ. ನಿಮ್ಮ ಫೈಲಿನ ಚೆಕ್‌ಸಮ್ ತೆಗೆದು ಅದರ ಜೊತೆ ಹೋಲಿಸಿ. ಒಂದು ಅಕ್ಷರ ಬೇರೆ ಇದ್ದರೂ ಮತ್ತೆ ಡೌನ್‌ಲೋಡ್ ಮಾಡಿ. ಚೆಕ್‌ಸಮ್ ಸರಿ ಇದ್ದರೆ ಬೇರೆ ಪೆನ್ ಡ್ರೈವಿಗೆ ಬರೆಯಿರಿ. ಖರ್ಚಿಲ್ಲದ ಈ ಪರೀಕ್ಷೆ ಮಾಡದೆ ಮುಂದಿನದಕ್ಕೆ ಹೋಗಬೇಡಿ.

ಎರಡು ಪೆನ್ ಡ್ರೈವ್‌ಗಳಲ್ಲೂ, ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತಿದೆಯೇ? ಆಗ ರ್‍ಯಾಮ್ ಮೇಲೆ ಅನುಮಾನ ಪಡಬೇಕು. ಒಂದೇ ಜಾಗದಲ್ಲಿ ನಿಲ್ಲುವುದು ಸಾಫ್ಟ್‌ವೇರಿನ ಲಕ್ಷಣ, ಕಂಡ ಕಂಡಲ್ಲಿ ನಿಲ್ಲುವುದು ಹಾರ್ಡ್‌ವೇರಿನ ಲಕ್ಷಣ. ಇದು ನಿಯಮವೇನಲ್ಲ, ಆದರೆ ತುಂಬಾ ಸಲ ಸರಿಯಾಗುತ್ತದೆ. ಮೆಮ್‌ಟೆಸ್ಟ್86+ ಎಂಬ ಉಚಿತ ಟೂಲ್‌ನ್ನು ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ಎರರ್ ಬಂದರೂ ಆ ರ್‍ಯಾಮ್ ಮೇಲೆ ಯಾವ ಆಪರೇಟಿಂಗ್ ಸಿಸ್ಟಮ್ಮೂ ಹಾಕಬೇಡಿ.

"ಸೆಕ್ಯೂರಿಟಿ ವಯಲೇಷನ್" ಎಂದು ಬಂದರೆ ಅದು ಸೆಕ್ಯೂರ್ ಬೂಟ್ ತಡೆದದ್ದು. ಉಬುಂಟು, ಫೆಡೋರಾ, ಡೆಬಿಯನ್ ಎಲ್ಲಕ್ಕೂ ಸೆಕ್ಯೂರ್ ಬೂಟ್ ಆನ್ ಇದ್ದಾಗಲೂ ಏಳಲು ಬೇಕಾದ ಸಹಿ ಇದೆ. ಆದರೂ ತಡೆದರೆ ನಿಮ್ಮ ಐಎಸ್‌ಒ ಹಳೆಯದಿರಬಹುದು. 2024ರ ಆಗಸ್ಟ್‌ನಲ್ಲಿ ಬಂದ ಒಂದು ವಿಂಡೋಸ್ ಅಪ್‌ಡೇಟ್ ಹಳೆಯ ಬೂಟ್‌ಲೋಡರ್‌ಗಳನ್ನು ತಡೆಹಿಡಿಯಿತು. ಆಗ ವಿಂಡೋಸ್, ಲಿನಕ್ಸ್ ಎರಡೂ ಇರುವ ಎಷ್ಟೋ ಡ್ಯುಯಲ್ ಬೂಟ್ ಯಂತ್ರಗಳಲ್ಲಿ "ಶಿಮ್ ಎಸ್‌ಬ್ಯಾಟ್" ಎಂಬ ಪದಗಳಿರುವ ಸಂದೇಶ ಬಂದು ಲಿನಕ್ಸ್ ನಿಂತುಹೋಯಿತು. ಹೊಸ ಐಎಸ್‌ಒ ತಂದು ನೋಡಿ. ಅದೂ ಆಗದಿದ್ದರೆ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ, ಇನ್‌ಸ್ಟಾಲ್ ಮಾಡಿ, ಅಪ್‌ಡೇಟ್ ಮಾಡಿ, ಮತ್ತೆ ಆನ್ ಮಾಡಿ. ಬಿಟ್‌ಲಾಕರ್ ಕೀ ಕೈಯಲ್ಲಿ ಇರಲಿ.

ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣುತ್ತಿಲ್ಲ

ಪೆನ್ ಡ್ರೈವ್ ಮಾತ್ರ ಕಾಣುತ್ತದೆ, ಒಳಗಿನ ಎಸ್‌ಎಸ್‌ಡಿ ಇಲ್ಲ. ಬಯೋಸ್ ಒಳಗೆ ಹೋಗಿ ಡಿಸ್ಕಿನ ಹೆಸರು ಅಲ್ಲಿ ಇದೆಯಾ ನೋಡಿ. ಬಯೋಸ್‌ಗೂ ಕಾಣದಿದ್ದರೆ ಕೇಬಲ್ ಸಡಿಲವಾಗಿದೆ ಅಥವಾ ಡಿಸ್ಕೇ ಹೋಗಿದೆ. ಇದು ಲಿನಕ್ಸ್ ಕೆಲಸವಲ್ಲ.

ಬಯೋಸ್‌ಗೆ ಕಂಡು ಇನ್‌ಸ್ಟಾಲರ್‌ಗೆ ಕಾಣದಿದ್ದರೆ ಹೆಚ್ಚಾಗಿ ಇಂಟೆಲ್ ಆರ್‌ಎಸ್‌ಟಿ ಎಂಬ ಡಿಸ್ಕ್ ಮೋಡ್ ಕಾರಣ. ಅದನ್ನು ಬಯೋಸ್‌ನಲ್ಲಿ ಎಎಚ್‌ಸಿಐ ಎಂದು ಬದಲಾಯಿಸಬೇಕು. ಇಲ್ಲಿ ಜೋಪಾನ. ವಿಂಡೋಸ್ ಇರುವ ಯಂತ್ರದಲ್ಲಿ ಏಕಾಏಕಿ ಬದಲಾಯಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಮೊದಲು ವಿಂಡೋಸ್‌ನ ಎಂಎಸ್‌ಕಾನ್ಫಿಗ್‌ನಲ್ಲಿ ಬೂಟ್ ಟ್ಯಾಬ್‌ಗೆ ಹೋಗಿ ಸೇಫ್ ಬೂಟ್ ಟಿಕ್ ಮಾಡಿ. ರೀಸ್ಟಾರ್ಟ್ ಆಗುವಾಗ ಬಯೋಸ್‌ಗೆ ಹೋಗಿ ಎಎಚ್‌ಸಿಐ ಹಾಕಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ಏಳುತ್ತದೆ. ಆಗ ಟಿಕ್ ತೆಗೆದು ಮತ್ತೊಮ್ಮೆ ರೀಸ್ಟಾರ್ಟ್ ಮಾಡಿ. ಸೇಫ್ ಮೋಡ್‌ನಲ್ಲಿ ಪಿನ್ ಬದಲು ಪೂರ್ತಿ ಪಾಸ್‌ವರ್ಡ್ ಕೇಳಬಹುದು, ಅದು ನೆನಪಿದೆಯಾ ಎಂದು ಮೊದಲೇ ಖಾತ್ರಿ ಮಾಡಿಕೊಳ್ಳಿ. ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ ಇಲ್ಲಿಗೇ ನಿಲ್ಲಿಸಿ, ಐಟಿ ವಿಭಾಗವನ್ನು ಕೇಳಿ.

ಡಿಸ್ಕು ಕಾಣುತ್ತದೆ, ಆದರೆ ವಿಂಡೋಸ್ ಪಾರ್ಟಿಷನ್‌ಗೆ ಬರೆಯಲು ಬಿಡುತ್ತಿಲ್ಲ ಎಂದರೆ ಕಾರಣ ಬೇರೆ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದಾಗ ಶಟ್‌ಡೌನ್ ಅಂದರೆ ಪೂರ್ತಿ ಆಫ್ ಅಲ್ಲ, ಅರ್ಧ ನಿದ್ದೆ. ಆ ಸ್ಥಿತಿಯಲ್ಲಿರುವ ಪಾರ್ಟಿಷನ್ನನ್ನು ಲಿನಕ್ಸ್ ಓದುವುದಕ್ಕೆ ಮಾತ್ರ ತೆರೆಯುತ್ತದೆ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಅದನ್ನು ಆಫ್ ಮಾಡಿ. ಬಲವಂತವಾಗಿ ಬರೆಯುವ ಉಪಾಯಗಳಿವೆ, ಬಳಸಬೇಡಿ. ವಿಂಡೋಸ್ ಫೈಲುಗಳು ಕೆಡುತ್ತವೆ.

ಪರದೆ ಕಪ್ಪಾಗಿದೆ

ಎಲ್ಲಕ್ಕಿಂತ ಹೆಚ್ಚು ಗಾಬರಿ ಹುಟ್ಟಿಸುವ ಲಕ್ಷಣ ಇದು. ಆದರೆ ಹೆಚ್ಚಿನ ಸಲ ಕಂಪ್ಯೂಟರ್ ಎದ್ದಿರುತ್ತದೆ, ಚಿತ್ರ ಮಾತ್ರ ಬರುತ್ತಿರುವುದಿಲ್ಲ. ಅದಕ್ಕೇ ಮೊದಲು ಜೀವ ಇದೆಯಾ ಎಂದು ನೋಡಬೇಕು.

ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರಿದರೆ ಕರ್ನಲ್ ಓಡುತ್ತಿದೆ. ದೀಪ ತಾನಾಗಿಯೇ ಮಿಣುಕುತ್ತಿದ್ದರೆ ಕರ್ನಲ್ ಪ್ಯಾನಿಕ್ ಆಗಿರುವ, ಅಂದರೆ ಕರ್ನಲ್ಲೇ ಮುಂದೆ ಹೋಗಲಾರದೆ ನಿಂತಿರುವ ಸಾಧ್ಯತೆ ಇದೆ. ಏನೂ ಆಗದಿದ್ದರೆ ಪೂರ್ತಿ ಸ್ತಬ್ಧವಾಗಿದೆ. ಆಮೇಲೆ ಮಾನಿಟರ್ ಕೇಬಲ್ ನೋಡಿ. ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಆ ಕಾರ್ಡಿಗೆ ಹಾಕಿರಬೇಕು, ಮದರ್‌ಬೋರ್ಡಿನ ಪೋರ್ಟಿಗಲ್ಲ. ಲ್ಯಾಪ್‌ಟಾಪ್ ಆದರೆ ಬ್ರೈಟ್‌ನೆಸ್ ಕೀ ಒತ್ತಿ ನೋಡಿ. ಕತ್ತಲೆ ಕೋಣೆಯಲ್ಲಿ ಪರದೆ ಮೇಲೆ ಟಾರ್ಚ್ ಹಿಡಿದರೆ ಮಸುಕು ಚಿತ್ರ ಕಂಡರೆ ಹಿಂದಿನ ಬೆಳಕು ಮಾತ್ರ ಹತ್ತಿಲ್ಲ ಎಂದರ್ಥ.

ಜೀವ ಇದ್ದು ಚಿತ್ರ ಇಲ್ಲದಿದ್ದರೆ ಅನುಮಾನ ಗ್ರಾಫಿಕ್ಸ್ ಡ್ರೈವರ್ ಮೇಲೆ. ಎನ್‌ವಿಡಿಯಾ ಕಾರ್ಡ್ ಇರುವ ಯಂತ್ರಗಳಲ್ಲಿ ಇದು ಜಾಸ್ತಿ. ಕಾರಣ ಇಷ್ಟೇ: ಇನ್‌ಸ್ಟಾಲರ್ ಜೊತೆ ಬರುವ ನೂವೋ ಎಂಬ ಮುಕ್ತ ಡ್ರೈವರ್ ಕೆಲವು ಕಾರ್ಡ್‌ಗಳಲ್ಲಿ ತಡವರಿಸುತ್ತದೆ.

ದಾರಿ ಹೀಗಿದೆ. ರೀಸ್ಟಾರ್ಟ್ ಮಾಡಿ ಗ್ರಬ್ ಪಟ್ಟಿ ಬಂದಾಗ ಮೊದಲ ಸಾಲಿನ ಮೇಲೆ ನಿಂತು ಇ ಕೀ ಒತ್ತಿ. ಲಿನಕ್ಸ್ ಎಂಬ ಪದದಿಂದ ಶುರುವಾಗುವ ಉದ್ದ ಸಾಲು ಹುಡುಕಿ. ಅದರಲ್ಲಿ "ಕ್ವೈಟ್ ಸ್ಪ್ಲಾಶ್" ಎಂಬ ಪದಗಳ (ಕೆಲವು ಡಿಸ್ಟ್ರೋಗಳಲ್ಲಿ "ಕ್ವೈಟ್" ಮಾತ್ರ ಇರುತ್ತದೆ) ನಂತರ ಒಂದು ಸ್ಪೇಸ್ ಬಿಟ್ಟು "ನೋಮೋಡ್‌ಸೆಟ್" ಎಂದು ಒಂದೇ ಪದವಾಗಿ ಸೇರಿಸಿ. ಎಫ್10 ಅಥವಾ ಕಂಟ್ರೋಲ್ ಎಕ್ಸ್ ಒತ್ತಿ. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ. ಏನಾದರೂ ತಪ್ಪು ಟೈಪ್ ಮಾಡಿದರೂ ರೀಸ್ಟಾರ್ಟ್ ಮಾಡಿದರೆ ಹಳೆಯದಕ್ಕೆ ಮರಳುತ್ತದೆ, ಹೆದರಬೇಡಿ. ಉಬುಂಟು ಐಎಸ್‌ಒದ ಪಟ್ಟಿಯಲ್ಲಿ "ಸೇಫ್ ಗ್ರಾಫಿಕ್ಸ್" ಎಂಬ ಸಾಲು ಇರುತ್ತದೆ. ಅದೂ ಇದೇ ಕೆಲಸ ಮಾಡುತ್ತದೆ.

ಗ್ರಬ್ ಪಟ್ಟಿಯೇ ಬಾರದಿದ್ದರೆ ಹಳೆಯ ಬಯೋಸ್ ಯಂತ್ರದಲ್ಲಿ ಶಿಫ್ಟ್ ಹಿಡಿದುಕೊಳ್ಳಿ, ಯುಇಎಫ್‌ಐ ಯಂತ್ರದಲ್ಲಿ ಎಸ್ಕೇಪ್ ಒಂದು ಸಲ ಒತ್ತಿ. ಮೇಲಿಂದ ಮೇಲೆ ಒತ್ತಿದರೆ ಗ್ರಬ್ ಕಮಾಂಡ್ ಸಾಲಿಗೆ ಬೀಳುತ್ತೀರಿ. ಬಿದ್ದರೆ "ನಾರ್ಮಲ್" ಎಂದು ಟೈಪ್ ಮಾಡಿ ಎಂಟರ್ ಒತ್ತಿ ಮರಳಬಹುದು.

ನೋಮೋಡ್‌ಸೆಟ್‌ನಿಂದ ಚಿತ್ರ ಬಂದರೆ ರೋಗ ಗೊತ್ತಾಯಿತು, ವಾಸಿಯಾಗಿಲ್ಲ. ಈಗ ಸರಿಯಾದ ಡ್ರೈವರ್ ಹಾಕಬೇಕು. ಉಬುಂಟುವಿನಲ್ಲಿ "ಅಡಿಷನಲ್ ಡ್ರೈವರ್ಸ್", ಮಿಂಟ್‌ನಲ್ಲಿ "ಡ್ರೈವರ್ ಮ್ಯಾನೇಜರ್" ತೆರೆದು ಶಿಫಾರಸು ಎಂದು ಬರೆದಿರುವುದನ್ನೇ ಆರಿಸಿ. ಎನ್‌ವಿಡಿಯಾ ತಾಣದಿಂದ ನೇರವಾಗಿ ಇಳಿಸಿದ ಫೈಲನ್ನು ಹಾಕಬೇಡಿ. ಮುಂದೆ ಕರ್ನಲ್ ಅಪ್‌ಡೇಟ್ ಆದಾಗ ಅದು ಮುರಿಯುವ ಸಾಧ್ಯತೆ ಜಾಸ್ತಿ.

ಡ್ರೈವರ್ ಹಾಕುವಾಗ ಸೆಕ್ಯೂರ್ ಬೂಟ್ ಆನ್ ಇದ್ದರೆ ಒಂದು ಪಾಸ್‌ವರ್ಡ್ ಇಡಲು ಹೇಳುತ್ತದೆ. ರೀಸ್ಟಾರ್ಟ್ ಆದಾಗ "ಮಾಕ್ ಮ್ಯಾನೇಜ್‌ಮೆಂಟ್" ಎಂಬ ನೀಲಿ ಪರದೆ ಕೆಲವೇ ಸೆಕೆಂಡ್ ನಿಲ್ಲುತ್ತದೆ. ತುಂಬಾ ಜನ ಅದನ್ನು ಏನೋ ತಪ್ಪು ಎಂದುಕೊಂಡು ಹಾಗೇ ಬಿಡುತ್ತಾರೆ. ಬಿಟ್ಟರೆ ಡ್ರೈವರ್ ಕೆಲಸ ಮಾಡುವುದಿಲ್ಲ. ಒಂದು ಕೀ ಒತ್ತಿ, "ಎನ್‌ರೋಲ್ ಮಾಕ್", "ಕಂಟಿನ್ಯೂ", "ಯೆಸ್" ಆರಿಸಿ, ಇಟ್ಟ ಪಾಸ್‌ವರ್ಡ್ ಕೊಟ್ಟು ರೀಬೂಟ್ ಮಾಡಿ.

ನಿನ್ನೆವರೆಗೆ ಸರಿ ಇದ್ದು ಅಪ್‌ಡೇಟ್ ಆದ ಮೇಲೆ ಕಪ್ಪಾಯಿತೇ? ಆಗ ಇಷ್ಟೆಲ್ಲ ಬೇಕಿಲ್ಲ. ಗ್ರಬ್‌ನಲ್ಲಿ "ಅಡ್ವಾನ್ಸ್ಡ್ ಆಪ್ಷನ್ಸ್" ತೆರೆದು ಹಿಂದಿನ ಕರ್ನಲ್ ಆರಿಸಿ. ಅದರಲ್ಲಿ ಏಳುತ್ತದೆ ಎಂದರೆ ನಿಮ್ಮ ಹಾರ್ಡ್‌ವೇರ್, ನಿಮ್ಮ ಫೈಲು ಎಲ್ಲ ಕ್ಷೇಮ. ಕರ್ನಲ್ ಪ್ಯಾನಿಕ್ ಬಂದಾಗಲೂ ಮೊದಲ ಮದ್ದು ಇದೇ. ಹಳೆಯ ಕರ್ನಲ್ ಒಂದನ್ನು ಯಾವತ್ತೂ ಉಳಿಸಿಕೊಂಡಿರಿ.

ಇನ್‌ಸ್ಟಾಲ್ ಆಯಿತು ಎಂದಿತು, ಆದರೆ ವಿಂಡೋಸ್ ಮಾತ್ರ ಬರುತ್ತಿದೆ

ಬೂಟ್ ಮೆನು ತೆರೆದು ಉಬುಂಟು ಅಥವಾ ಫೆಡೋರಾ ಎಂಬ ಹೆಸರು ಇದೆಯಾ ನೋಡಿ. ಇದ್ದರೆ ಬೂಟ್ ಕ್ರಮದಲ್ಲಿ ಅದು ಕೆಳಗೆ ಹೋಗಿದೆ ಅಷ್ಟೇ. ಬಯೋಸ್‌ನಲ್ಲಿ ಮೇಲೆ ತನ್ನಿ. ದೊಡ್ಡ ವಿಂಡೋಸ್ ಅಪ್‌ಡೇಟ್ ಆದ ಮೇಲೂ ಹೀಗಾಗುತ್ತದೆ.

ಹೆಸರೇ ಇಲ್ಲದಿದ್ದರೆ ವಿಂಡೋಸ್ ಯುಇಎಫ್‌ಐ ಮೋಡ್‌ನಲ್ಲಿ, ಲಿನಕ್ಸ್ ಹಳೆಯ ಲೆಗಸಿ ಮೋಡ್‌ನಲ್ಲಿ ಕೂತಿರಬಹುದು. ಆಗ ಎರಡೂ ಒಂದಕ್ಕೊಂದು ಕಾಣುವುದಿಲ್ಲ. ಪೆನ್ ಡ್ರೈವಿನಿಂದ ಎದ್ದು ಫೈಲ್ ಮ್ಯಾನೇಜರ್‌ನಲ್ಲಿ ಸಿಸ್ ಫೋಲ್ಡರ್, ಅದರೊಳಗೆ ಫರ್ಮ್‌ವೇರ್, ಅದರೊಳಗೆ ಇಎಫ್‌ಐ ಇದೆಯಾ ನೋಡಿ. ಇದ್ದರೆ ಪೆನ್ ಡ್ರೈವ್ ಯುಇಎಫ್‌ಐ ಮೋಡ್‌ನಲ್ಲಿ ಎದ್ದಿದೆ. ಇಲ್ಲದಿದ್ದರೆ ಬೂಟ್ ಮೆನುವಿನಲ್ಲಿ ಯುಇಎಫ್‌ಐ ಎಂದು ಬರೆದಿರುವ ಸಾಲನ್ನೇ ಆರಿಸಿ ಮತ್ತೆ ಎಬ್ಬಿಸಿ. ಮರು ಇನ್‌ಸ್ಟಾಲ್‌ಗೆ ನಿಜವಾದ ಕಾರಣ ಇರುವ ಕೆಲವೇ ಸಂದರ್ಭಗಳಲ್ಲಿ ಇದು ಒಂದು.

"ಗ್ರಬ್ ರೆಸ್ಕ್ಯೂ" ಎಂಬ ಸಾಲಿನಲ್ಲಿ ನಿಂತರೆ ಗ್ರಬ್‌ನ ಅರ್ಧ ಭಾಗ ಇದೆ, ಉಳಿದರ್ಧ ಇರಬೇಕಾದ ಪಾರ್ಟಿಷನ್ ಸಿಗುತ್ತಿಲ್ಲ. ವಿಂಡೋಸ್‌ನಿಂದ ಲಿನಕ್ಸ್ ಪಾರ್ಟಿಷನ್ ಅಳಿಸಿದಾಗ ಅಥವಾ ಸೈಜ್ ಬದಲಾಯಿಸಿದಾಗ ಹೀಗಾಗುವುದು ಸಾಮಾನ್ಯ. ಪಾರ್ಟಿಷನ್ ಇನ್ನೂ ಇದ್ದರೆ ಪೆನ್ ಡ್ರೈವಿನಿಂದ ಎದ್ದು ಬೂಟ್ ರಿಪೇರ್ ಎಂಬ ಟೂಲ್ ಓಡಿಸಿ. ಪಾರ್ಟಿಷನ್ ಅಳಿಸಿಯೇ ಹೋಗಿದ್ದು ಅದರಲ್ಲಿ ಬೇಕಾದ ಡೇಟಾ ಇದ್ದರೆ ಏನನ್ನೂ ಬರೆಯಬೇಡಿ, ಇನ್‌ಸ್ಟಾಲರ್ ಮುಟ್ಟಲೇಬೇಡಿ. ಅಳಿಸಿದ ಪಾರ್ಟಿಷನ್ ಮೇಲೆ ಹೊಸದು ಬರೆಯುವ ತನಕ ಮರಳಿ ಸಿಗುವ ಆಸೆ ಇರುತ್ತದೆ.

"ಇನಿಟ್‌ರಾಮ್‌ಎಫ್‌ಎಸ್" ಎಂದು ಆವರಣ ಚಿಹ್ನೆಯೊಳಗೆ ತೋರಿಸಿ ನಿಂತಿದೆ

ಕರ್ನಲ್ ಎದ್ದಿದೆ, ಮುಖ್ಯ ಪಾರ್ಟಿಷನ್ ತೆರೆಯಲು ಆಗುತ್ತಿಲ್ಲ. ಕರೆಂಟ್ ಹೋಗಿ ಯಂತ್ರ ದಿಢೀರ್ ಆಫ್ ಆದ ಮೇಲೆ ಇದು ಬರಬಹುದು. "ಎಕ್ಸಿಟ್" ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಯಾವ ಪಾರ್ಟಿಷನ್‌ನಲ್ಲಿ ದೋಷ ಎಂದು ಹೆಚ್ಚಾಗಿ ಹೆಸರು ಹೇಳುತ್ತದೆ. "ಎಫ್‌ಎಸ್‌ಸಿಕೆ" ಎಂದು ಬರೆದು ಆ ಪಾರ್ಟಿಷನ್ ಹೆಸರು ಕೊಟ್ಟರೆ ಫೈಲ್ ಸಿಸ್ಟಮ್ ರಿಪೇರಿಯಾಗುತ್ತದೆ.

ಆದರೆ ಮೊದಲು ಡಿಸ್ಕಿನ ಆರೋಗ್ಯ ನೋಡುವುದು ಒಳ್ಳೆಯದು. ಪೆನ್ ಡ್ರೈವಿನಿಂದ ಎದ್ದು "ಡಿಸ್ಕ್ಸ್" ಎಂಬ ಆ್ಯಪ್‌ನಲ್ಲಿ ಸ್ಮಾರ್ಟ್ ಮಾಹಿತಿ ತೆರೆಯಿರಿ. ರೀಅಲೊಕೇಟೆಡ್ ಅಥವಾ ಪೆಂಡಿಂಗ್ ಸೆಕ್ಟರ್ ಸಂಖ್ಯೆ ದಿನೇ ದಿನೇ ಏರುತ್ತಿದ್ದರೆ ಡಿಸ್ಕು ಸಾಯುತ್ತಿದೆ. ಆಗ ರಿಪೇರಿ ಬೇಡ, ಮೊದಲು ಡೇಟಾ ಕಾಪಿ ಮಾಡಿ. ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಕಾಪಿಯೂ ಬೇಡ. ತಕ್ಷಣ ಆಫ್ ಮಾಡಿ. ಡೇಟಾ ಮುಖ್ಯವಾದರೆ ಡೇಟಾ ರಿಕವರಿ ಮಾಡುವವರ ಬಳಿ ಕೊಂಡೊಯ್ಯಿರಿ. ಪ್ರತಿ ಸಲ ಆನ್ ಮಾಡಿದಾಗಲೂ ಹಾನಿ ಹೆಚ್ಚುತ್ತದೆ.

ಪಾಸ್‌ವರ್ಡ್ ಸರಿ ಕೊಟ್ಟರೂ ಲಾಗಿನ್ ಪರದೆಗೇ ವಾಪಸ್

ತಪ್ಪು ಪಾಸ್‌ವರ್ಡ್ ಆದರೆ ಹಾಗೆಂದು ಹೇಳುತ್ತದೆ. ಇಲ್ಲಿ ಒಂದು ಕ್ಷಣ ಕಪ್ಪಾಗಿ ಮತ್ತೆ ಲಾಗಿನ್ ಬರುತ್ತದೆ, ಅಲ್ವಾ? ಅಂದರೆ ಪಾಸ್‌ವರ್ಡ್ ಒಪ್ಪಿದೆ, ಡೆಸ್ಕ್‌ಟಾಪ್ ಏಳುವಾಗ ಬಿದ್ದಿದೆ.

ಲಾಗಿನ್ ಪರದೆಯ ಮೂಲೆಯಲ್ಲಿ ಹಲ್ಲಿನ ಗಾಲಿಯ ಗುರುತು ಇದ್ದರೆ ಅದರಲ್ಲಿ ಬೇರೆ ಸೆಷನ್ (ಡೆಸ್ಕ್‌ಟಾಪ್ ಬಗೆ) ಆರಿಸಿ ನೋಡಿ. ಆಗದಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಅಕ್ಷರಗಳಷ್ಟೇ ಇರುವ ಪರದೆ ಬರುತ್ತದೆ. ಅಲ್ಲಿ ಲಾಗಿನ್ ಆಗಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಏನೂ ಕಾಣುವುದಿಲ್ಲ, ಅದು ಸಹಜ.

"ಡಿಎಫ್" ಎಂದು ಬರೆದು ಸ್ಪೇಸ್, ಹೈಫನ್, ಎಚ್ ಸೇರಿಸಿ. ಮುಖ್ಯ ಪಾರ್ಟಿಷನ್ ಶೇಕಡ 100 ತುಂಬಿದ್ದರೆ ಅದೇ ಕಾರಣ. ಜಾಗವಿಲ್ಲದೆ ಡೆಸ್ಕ್‌ಟಾಪ್ ತನ್ನ ಚಿಕ್ಕ ಫೈಲನ್ನೂ ಬರೆಯಲಾರದು. ಬೇಡದ ದೊಡ್ಡ ಫೈಲು ಅಳಿಸಿ. ಉಬುಂಟು, ಡೆಬಿಯನ್, ಮಿಂಟ್‌ನಲ್ಲಿ "ಸುಡೊ ಏಪ್ಟ್ ಕ್ಲೀನ್" (ಸುಡೊ ಎಂದರೆ ಪೂರ್ಣ ಅಧಿಕಾರದಿಂದ ಓಡಿಸು ಎಂದು) ಕೊಟ್ಟರೆ ಇಳಿಸಿಟ್ಟ ಹಳೆಯ ಪ್ಯಾಕೇಜ್‌ಗಳು ಹೋಗುತ್ತವೆ.

ಜಾಗ ಇದ್ದರೆ ಇಲ್ಲಿಂದಲೇ ಒಬ್ಬ ಹೊಸ ಬಳಕೆದಾರನನ್ನು ಸೇರಿಸಿ, ಆ ಹೆಸರಿನಲ್ಲಿ ಡೆಸ್ಕ್‌ಟಾಪ್‌ಗೆ ಹೋಗಿ ನೋಡಿ. ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು. ಹೊಸಬನಿಗೆ ಡೆಸ್ಕ್‌ಟಾಪ್ ಬಂದರೆ ದೋಷ ನಿಮ್ಮ ಹೋಮ್ ಫೋಲ್ಡರಿನ ಸೆಟ್ಟಿಂಗ್‌ಗಳಲ್ಲಿ ಮಾತ್ರ ಇದೆ. ಸುಡೊ ಹಾಕಿ ಯಾವುದೋ ಆ್ಯಪ್ ತೆರೆದಿದ್ದರಿಂದ ಅಲ್ಲಿನ ಫೈಲುಗಳು ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಹೆಸರಿಗೆ ಹೋಗಿರಬಹುದು. ಹೊಸಬನಿಗೂ ಬಾರದಿದ್ದರೆ ದೋಷ ಇಡೀ ಸಿಸ್ಟಮ್‌ನದು. ಮತ್ತೆ ಗ್ರಾಫಿಕ್ಸ್ ಡ್ರೈವರ್ ಕಡೆ ತಿರುಗಿ.

ವೈಫೈ ಇಲ್ಲ

"ವೈಫೈ ಇಲ್ಲ" ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ದೋಷಗಳಿವೆ. ಮೊದಲು ನಿಮ್ಮದು ಯಾವುದು ಎಂದು ಬಿಡಿಸಿಕೊಳ್ಳಿ.

ಮೆನುವಿನಲ್ಲಿ ವೈಫೈ ಎಂಬ ಸಾಲೇ ಇಲ್ಲದಿದ್ದರೆ ಡ್ರೈವರ್ ಅಥವಾ ವೈಫೈ ಚಿಪ್ಪಿಗೆ ಬೇಕಾದ ಫರ್ಮ್‌ವೇರ್ ಇಲ್ಲ. ಸಾಲು ಇದೆ, ಆನ್ ಆಗುತ್ತಿಲ್ಲ ಎಂದರೆ ಫ್ಲೈಟ್ ಮೋಡ್ ಅಥವಾ ಲ್ಯಾಪ್‌ಟಾಪಿನ ಪಕ್ಕದ ಸ್ವಿಚ್. ಅಕ್ಕಪಕ್ಕದ ಎಲ್ಲರ ನೆಟ್‌ವರ್ಕ್ ಕಾಣುತ್ತದೆ, ನಿಮ್ಮದು ಮಾತ್ರ ಇಲ್ಲ ಎಂದರೆ ರೂಟರ್ ಬಳಸುವ ಚಾನೆಲ್ ಅಥವಾ 5 ಗಿಗಾಹರ್ಟ್ಸ್ ತೊಂದರೆ. 2.4ಕ್ಕೆ ಬದಲಾಯಿಸಿ ನೋಡಿ. ಕನೆಕ್ಟ್ ಆಗಿದೆ, ಪುಟ ತೆರೆಯುತ್ತಿಲ್ಲ ಎಂದರೆ ವೈಫೈ ಸರಿಯೇ ಇದೆ, ಡಿಎನ್‌ಎಸ್ (ತಾಣದ ಹೆಸರನ್ನು ವಿಳಾಸವಾಗಿ ಬದಲಿಸುವ ಸೇವೆ) ನೋಡಿ. ಗಡಿಯಾರ ತಪ್ಪಿದ್ದರೂ ಸುರಕ್ಷಿತ ಪುಟಗಳು ತೆರೆಯುವುದಿಲ್ಲ.

ಮೊದಲನೆಯದೇ ಜಾಸ್ತಿ ಜನರಿಗೆ ಬರುವುದು. ಪೆನ್ ಡ್ರೈವಿನಿಂದ ಎದ್ದಾಗ ವೈಫೈ ಇತ್ತೇ ಎಂದು ನೆನಪಿಸಿಕೊಳ್ಳಿ. ಇತ್ತು ಎಂದರೆ ಯಂತ್ರಕ್ಕೆ ತಾಕತ್ತಿದೆ, ಇನ್‌ಸ್ಟಾಲ್ ಮಾಡುವಾಗ ಹೊರಗಿನ ಡ್ರೈವರ್ ಸೇರಿಸುವ ಟಿಕ್ ಹಾಕಿಲ್ಲದಿರಬಹುದು. ಡೆಬಿಯನ್‌ನಲ್ಲಿ ಹಿಂದೆ ಇದು ದೊಡ್ಡ ತಲೆನೋವಾಗಿತ್ತು. ಮುಕ್ತವಲ್ಲದ ಫರ್ಮ್‌ವೇರನ್ನು ಬೇರೆಯಾಗಿ ತರಬೇಕಿತ್ತು. 2023ರ ಡೆಬಿಯನ್ 12ರಿಂದ ಅದು ಅಧಿಕೃತ ಇನ್‌ಸ್ಟಾಲರ್ ಜೊತೆಗೇ ಬರುತ್ತದೆ.

ಡ್ರೈವರ್ ತರಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಡ್ರೈವರ್ ಬೇಕು. ಈ ಗಂಟು ಬಿಡಿಸಲು ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆಂಡ್ರಾಯ್ಡ್ ಫೋನ್ ಆದರೆ ಲಿನಕ್ಸ್ ಅದನ್ನು ಹೆಚ್ಚಾಗಿ ತಕ್ಷಣ ತಂತಿ ನೆಟ್‌ವರ್ಕ್ ಎಂದೇ ಗುರುತಿಸುತ್ತದೆ. ಆಮೇಲೆ "ಎಲ್‌ಎಸ್‌ಪಿಸಿಐ" ಎಂಬ ಕಮಾಂಡ್ ಕೊಟ್ಟು ವೈಫೈ ಚಿಪ್ಪಿನ ಹೆಸರು ನೋಡಿ. ಬ್ರಾಡ್‌ಕಾಮ್ ಆದರೆ ಬೇರೆ ಡ್ರೈವರ್ ಪ್ಯಾಕೇಜ್ ಬೇಕಾಗುತ್ತದೆ, ಡ್ರೈವರ್ ಮ್ಯಾನೇಜರ್‌ನಲ್ಲೇ ಸಿಗುತ್ತದೆ. ಇಂಟೆಲ್ ಚಿಪ್ಪುಗಳು ಸಾಮಾನ್ಯವಾಗಿ ತಾವಾಗಿಯೇ ಕೆಲಸ ಮಾಡುತ್ತವೆ. ಯಂತ್ರ ತೀರಾ ಹೊಸದಾದರೆ ಹೊಸ ಕರ್ನಲ್ ಇರುವ ಡಿಸ್ಟ್ರೋ ಬೇಕಾಗಬಹುದು.

ಸೌಂಡ್ ಬರುತ್ತಿಲ್ಲ

ಸೌಂಡ್ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ಯಾವುದು ಎಂದು ನೋಡಿ. ಮಾನಿಟರಿನ ಎಚ್‌ಡಿಎಂಐ ಆಯ್ಕೆಯಾಗಿ, ಅದರಲ್ಲಿ ಸ್ಪೀಕರೇ ಇಲ್ಲದೆ ಇರುವುದು ತುಂಬಾ ಸಾಮಾನ್ಯ. ಪಟ್ಟಿಯಲ್ಲಿ "ಡಮ್ಮಿ ಔಟ್‌ಪುಟ್" ಎಂದು ಮಾತ್ರ ಇದ್ದರೆ ಸೌಂಡ್ ಕಾರ್ಡನ್ನು ಸಿಸ್ಟಮ್ ಗುರುತಿಸಿಲ್ಲ. ಹೊಸ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಒಎಫ್ ಎಂಬ ಫರ್ಮ್‌ವೇರ್ ಪ್ಯಾಕೇಜ್ ಬೇಕು. ಕಾರ್ಡ್ ಇದ್ದೂ ಸದ್ದಿಲ್ಲದಿದ್ದರೆ ಟರ್ಮಿನಲ್‌ನಲ್ಲಿ "ಆಲ್ಸಾಮಿಕ್ಸರ್" ತೆರೆಯಿರಿ. ಕಂಬದ ಕೆಳಗೆ ಎರಡು ಎಂ ಅಕ್ಷರ ಇದ್ದರೆ ಮ್ಯೂಟ್ ಆಗಿದೆ, ಎಂ ಕೀ ಒತ್ತಿ ಬಿಡಿಸಿ.

ಎಲ್ಲ ನಡೆಯುತ್ತದೆ, ಆದರೆ ತುಂಬಾ ನಿಧಾನ

ವಿಂಡೋ ಎಳೆದರೆ ತಡೆತಡೆದು ಬರುತ್ತದೆ, ವಿಡಿಯೊ ನೋಡಿದರೆ ಫ್ಯಾನ್ ಜೋರಾಗಿ ಓಡುತ್ತದೆ. ಸೆಟ್ಟಿಂಗ್‌ನ ಸಿಸ್ಟಮ್ ವಿವರದಲ್ಲಿ ಗ್ರಾಫಿಕ್ಸ್ ಎಂಬ ಸಾಲು ಓದಿ. ಅಲ್ಲಿ "ಎಲ್‌ಎಲ್‌ವಿಎಂಪೈಪ್" ಎಂದಿದ್ದರೆ ಚಿತ್ರ ಬಿಡಿಸುವ ಕೆಲಸವನ್ನೆಲ್ಲ ಪ್ರೊಸೆಸರ್ ಒಂದೇ ಮಾಡುತ್ತಿದೆ, ಗ್ರಾಫಿಕ್ಸ್ ಚಿಪ್ ಸುಮ್ನೆ ಕೂತಿದೆ. ಹೆಚ್ಚಾಗಿ ಇದಕ್ಕೆ ಕಾರಣ ಮೊದಲು ಹಾಕಿದ ನೋಮೋಡ್‌ಸೆಟ್ ಶಾಶ್ವತವಾಗಿ ಉಳಿದುಕೊಂಡಿರುವುದು. ಸೇಫ್ ಗ್ರಾಫಿಕ್ಸ್‌ನಲ್ಲಿ ಇನ್‌ಸ್ಟಾಲ್ ಮಾಡಿದವರು ಇದನ್ನು ಖಂಡಿತ ನೋಡಿ. ಇಟಿಸಿ ಫೋಲ್ಡರಿನ ಒಳಗೆ ಡೀಫಾಲ್ಟ್ ಫೋಲ್ಡರಿನಲ್ಲಿ ಗ್ರಬ್ ಎಂಬ ಫೈಲ್ ಇದೆ. ಅದರ ಒಂದು ಕಾಪಿ ಇಟ್ಟುಕೊಂಡು, ಆ ಪದ ತೆಗೆದು, "ಸುಡೊ ಅಪ್‌ಡೇಟ್ ಹೈಫನ್ ಗ್ರಬ್" ಕೊಡಿ. ಹೈಫನ್ ಎಂದಲ್ಲಿ ಅದರ ಚಿಹ್ನೆ ಬರೆಯಬೇಕು. ಫೆಡೋರಾದಲ್ಲಿ ಈ ಕಮಾಂಡ್ ಬೇರೆ.

ಗ್ರಾಫಿಕ್ಸ್ ಸರಿ ಇದ್ದೂ ನಿಧಾನವೆಂದರೆ ರ್‍ಯಾಮ್ ನೋಡಿ. 4 ಜಿಬಿಗಿಂತ ಕಡಿಮೆ ಇದ್ದರೆ ಗ್ನೋಮ್ ಬದಲು ಎಕ್ಸ್‌ಎಫ್‌ಸಿಇ ತರಹದ ಹಗುರ ಡೆಸ್ಕ್‌ಟಾಪ್ ಹಾಕಿ. ತಿರುಗುವ ಹಾರ್ಡ್ ಡಿಸ್ಕು ಇದ್ದರೆ ಅದನ್ನು ಎಸ್‌ಎಸ್‌ಡಿಗೆ ಬದಲಾಯಿಸಿದಷ್ಟು ಫಲ ಯಾವ ಸೆಟ್ಟಿಂಗ್‌ನಿಂದಲೂ ಸಿಗುವುದಿಲ್ಲ.

ಸಾಫ್ಟ್‌ವೇರ್ ಹಾಕಲು ಹೋದರೆ "ಲಾಕ್" ಎನ್ನುತ್ತದೆ

ಹಿನ್ನೆಲೆಯಲ್ಲಿ ಅಪ್‌ಡೇಟ್ ನಡೆಯುತ್ತಿದೆ. ಕಾಯಿರಿ. ಹೊಸದಾಗಿ ಹಾಕಿದ ಮೊದಲ ದಿನ ಇದು ಸ್ವಲ್ಪ ಹೊತ್ತು ಹಿಡಿಯುತ್ತದೆ. ಲಾಕ್ ಫೈಲ್ ಅಳಿಸಿ ಎಂದು ಎಷ್ಟೋ ಕಡೆ ಸಲಹೆ ಸಿಗುತ್ತದೆ. ದಯವಿಟ್ಟು ಮಾಡಬೇಡಿ. ಎರಡು ಕೆಲಸ ಒಟ್ಟಿಗೆ ಬರೆದರೆ ಪ್ಯಾಕೇಜ್ ಪಟ್ಟಿಯೇ ಕೆಡಬಹುದು.

ವಿಂಡೋಸ್‌ಗೂ ಲಿನಕ್ಸ್‌ಗೂ ಗಡಿಯಾರ ಬೇರೆ

ಸಮಯ ಹೆಚ್ಚುಕಡಿಮೆ ಆಗುವುದು ಯಾವಾಗಲೂ ಒಂದೇ ಅಳತೆಯಲ್ಲಿ, ನಿಮ್ಮ ಸಮಯ ವಲಯಕ್ಕೂ ಯುಟಿಸಿಗೂ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ಇರುವ ಅಂತರದಷ್ಟೇ ಆದರೆ ಏನೂ ಕೆಟ್ಟಿಲ್ಲ. ಮದರ್‌ಬೋರ್ಡಿನ ಗಡಿಯಾರ ಯುಟಿಸಿ ತೋರಿಸುತ್ತದೆ ಎಂದು ಲಿನಕ್ಸ್ ನಂಬುತ್ತದೆ, ಸ್ಥಳೀಯ ಸಮಯ ಎಂದು ವಿಂಡೋಸ್ ನಂಬುತ್ತದೆ. ಇಬ್ಬರಲ್ಲಿ ಒಬ್ಬರನ್ನು ಒಪ್ಪಿಸಿದರೆ ಸಾಕು. ಆಫ್ ಮಾಡಿದಾಗಲೆಲ್ಲ ತಾರೀಖು ಹಳೆಯ ವರ್ಷಕ್ಕೆ ಹೋಗುತ್ತಿದ್ದರೆ ಅದು ಬೇರೆ. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ, ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಆರ್2032. ಪ್ಲಗ್ ಕಿತ್ತು ಬದಲಾಯಿಸಿ.

ಕನ್ನಡ ಅಕ್ಷರ ಸರಿಯಾಗಿ ಕಾಣುತ್ತಿಲ್ಲ

ಅಕ್ಷರದ ಜಾಗದಲ್ಲಿ ಚೌಕಗಳು ಕಂಡರೆ ಫಾಂಟ್ ಇಲ್ಲ. ನೋಟೊ ಅಥವಾ ಲೋಹಿತ್ ಕನ್ನಡ ಫಾಂಟ್ ಹಾಕಿ. ಒತ್ತಕ್ಷರ ಬಿಡಿ ಬಿಡಿಯಾಗಿ ಕಂಡರೆ ಅದೇ ಬರಹವನ್ನು ಫೈರ್‌ಫಾಕ್ಸ್‌ನಲ್ಲಿ ತೆರೆಯಿರಿ. ಅಲ್ಲಿ ಸರಿ ಇದ್ದರೆ ದೋಷ ಆ ಒಂದು ಆ್ಯಪ್‌ನದು. ಹಳೆಯ ಕಡತ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ ಅದು ಯುನಿಕೋಡ್‌ಗಿಂತ ಮೊದಲಿನ ನುಡಿ ಅಥವಾ ಬರಹ ಎಂಬ ಸಾಫ್ಟ್‌ವೇರಿನ ಕಡತ. ಯುನಿಕೋಡ್‌ಗೆ ಪರಿವರ್ತಿಸಬೇಕು, ಫಾಂಟ್ ಹಾಕಿ ಪ್ರಯೋಜನವಿಲ್ಲ. ಕನ್ನಡ ಟೈಪ್ ಮಾಡಲು ಐಬಸ್ ಎಂಬ ಟೂಲ್ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ಲಾಗ್‌ಔಟ್ ಆಗದೆ ಹುಡುಕಿದರೆ ಕನ್ನಡ ಕೀಲಿಮಣೆ ಪಟ್ಟಿಯಲ್ಲಿ ಕಾಣದೇ ಇರಬಹುದು.

ಎಲ್ಲಿ ನಿಲ್ಲಿಸಬೇಕು, ಹೇಗೆ ಕೇಳಬೇಕು

ಸುಟ್ಟ ವಾಸನೆ ಬಂದರೆ, ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದರೆ, ಆ ಕ್ಷಣ ಆಫ್ ಮಾಡಿ ಚಾರ್ಜರ್ ಕಿತ್ತುಬಿಡಿ. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ. ಪವರ್ ಸಪ್ಲೈ ಡಬ್ಬಿಯನ್ನು ಯಾವತ್ತೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಅಪಾಯಕಾರಿ ಚಾರ್ಜ್ ಉಳಿದಿರುತ್ತದೆ. ಬಯೋಸ್ ಅಪ್‌ಡೇಟ್ ಮಾಡುವುದಾದರೆ ಚಾರ್ಜರ್ ಹಾಕಿಕೊಂಡೇ ಮಾಡಿ. ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡೇ ಏಳದಿರಬಹುದು.

ಅರ್ಥವಾಗದ ಕಮಾಂಡನ್ನು ಸುಡೊ ಜೊತೆ ಓಡಿಸುವ ಹಂತ ಬಂದರೆ ಅಲ್ಲಿಗೆ ನಿಲ್ಲಿಸಿ. "ಡಿಡಿ", "ಎಂಕೆಎಫ್‌ಎಸ್" ಎಂಬ ಹೆಸರು ಇರುವ ಕಮಾಂಡ್‌ಗಳು ತಪ್ಪು ಡಿಸ್ಕನ್ನು ಕೇಳದೆಯೇ ಅಳಿಸಿಬಿಡಬಹುದು.

ಸಹಾಯ ಕೇಳುವಾಗ ಐದು ಸಂಗತಿ ಮೊದಲೇ ಬರೆಯಿರಿ: ಯಂತ್ರದ ಮಾಡೆಲ್, ಡಿಸ್ಟ್ರೋ ಮತ್ತು ಆವೃತ್ತಿ, ಯಾವ ಮೆಟ್ಟಿಲಲ್ಲಿ ನಿಂತಿತು, ಸಂದೇಶದ ಫೋಟೊ, ಕೊನೆಯದಾಗಿ ನೀವು ಏನು ಬದಲಾಯಿಸಿದಿರಿ. ಡೆಸ್ಕ್‌ಟಾಪ್‌ವರೆಗೆ ತಲುಪಲು ಆಗುತ್ತಿದ್ದರೆ "ಜರ್ನಲ್‌ಸಿಟಿಎಲ್" ಕಮಾಂಡಿಗೆ ಸ್ಪೇಸ್, ಹೈಫನ್, ಬಿ ಸೇರಿಸಿ ಬಂದ ಸಾಲುಗಳನ್ನೂ ಫೈಲಿನಲ್ಲಿ ಉಳಿಸಿಕೊಡಿ. ಈ ಸಲ ಆನ್ ಆದಾಗಿನಿಂದ ನಡೆದದ್ದೆಲ್ಲ ಅದರಲ್ಲಿ ಇರುತ್ತದೆ. ಕೊಡುವ ಮುಂಚೆ ಒಮ್ಮೆ ಓದಿ, ನಿಮ್ಮ ಹೆಸರು, ವೈಫೈ ಹೆಸರು ಇದ್ದರೆ ತೆಗೆದುಬಿಡಿ.